ಬೆನ್ನ ಮೇಲಿನ ಮಚ್ಚೆ

ಮಗಳ ಮೈಮೇಲಿನ ಚುಕ್ಕೆಗಳು ಎಣಿಕೆಗೆ ಸಿಗುವಂಥವಲ್ಲ. ಮೂಗು, ಕೆನ್ನೆ, ಭುಜ, ಎಲ್ಲಿ ನೋಡಿದರೂ ಎಳ್ಳು ಚೆಲ್ಲಿದ ಹಾಗೆ ನಸುಗಂದು ಚುಕ್ಕೆಗಳು. ಅಪ್ಪನಿಂದ ಬಂದ ಬಿಳಿಚು ಮೈಬಣ್ಣ. ಬಿಸಿಲು ತಾಕಿದರೆ ಸಾಕು, ಕೆಂಪಗಾಗಿ ಸಿಪ್ಪೆ ಏಳುತ್ತಿತ್ತು. ಅವಳನ್ನು ಚುಕ್ಕಿ ಎಂದು ಕರೆಯಲು ಶುರುಮಾಡಿದ್ದೂ ಅಪ್ಪನೇ. ಅವನು ತೀರಿಕೊಂಡ ಮೇಲೂ ಆ ಹೆಸರೇ ಉಳಿಯಿತು. ಅಂಥ ಮೈಯವಳು ಆರಿಸಿಕೊಂಡ ಕೆಲಸವಾದರೂ ಎಂಥದ್ದು? ಬಯಲು ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುವುದು. ಎಂಟು ವರ್ಷ ಬೆಳಗಿನಿಂದ ಸಂಜೆಯವರೆಗೆ ಬೆನ್ನಿಗೆ ಬಿಸಿಲು.

ತಾಯಿ ದರ್ಜಿ. ಮನೆಯ ಮುಂದಿನ ಕೋಣೆಯೇ ಅಂಗಡಿ. ಹೊಲಿಗೆ ಯಂತ್ರ, ಕತ್ತರಿಸುವ ಮೇಜು, ನಿಲುಗನ್ನಡಿ. ಊರಿನ ಅರ್ಧ ಮದುವಣಗಿತ್ತಿಯರಿಗೆ ಬಟ್ಟೆ ಹೊಲಿದವಳು ಸ್ವಂತ ಮಗಳದ್ದನ್ನು ಬೇರೆಯವರ ಕೈಗೆ ಕೊಟ್ಟಾಳೆಯೇ? ಮಗಳಿಗೆ ಗೊತ್ತಾಗಿದ್ದ ಹುಡುಗ ಬಸ್ ಡ್ರೈವರ್, ಒಳ್ಳೆಯವನು. ಮದುವೆಗೆ ಇನ್ನೂ ಒಂಬತ್ತು ತಿಂಗಳಿರುವಾಗಲೇ ಅವಳು ಮಗಳನ್ನು ಕನ್ನಡಿಯ ಮುಂದೆ ನಿಲ್ಲಿಸಿ ಅಳತೆ ತೆಗೆದಳು.

ಚುಕ್ಕಿಗೆ ಬೆನ್ನು ಕಾಣುವಂಥ ಉಡುಪು ಬೇಕಿತ್ತು. ಟೇಪು ಹಿಡಿದು ಹಿಂದೆ ಬಂದ ತಾಯಿಗೆ ಎಡ ಹೆಗಲ ಮೂಳೆಯ ಪಕ್ಕದಲ್ಲಿ ಒಂದು ಮಚ್ಚೆ ಕಂಡಿತು. ಬಟಾಣಿಯಷ್ಟು ದೊಡ್ಡದು. ಒಂದು ಕಡೆ ಕಂದು, ಇನ್ನೊಂದು ಕಡೆ ಕಪ್ಪು, ಅಂಚು ಅಂಕುಡೊಂಕು.

"ಇದು ಯಾವಾಗ ಬಂತೇ?"

"ಯಾವುದಮ್ಮಾ?"

"ಬೆನ್ನ ಮೇಲೆ, ದೊಡ್ಡ ಮಚ್ಚೆ."

"ಓ, ಅದಾ! ಅದು ನನ್ನ ಚುಕ್ಕೆಗಳಿಗೆಲ್ಲಾ ಹೆಡ್‌ಮಾಸ್ಟರು," ಎಂದು ಮಗಳು ನಕ್ಕಳು.

ತಾಯಿಯೂ ನಕ್ಕಳು. "ಫೋಟೋದಲ್ಲಿ ಎದ್ದು ಕಾಣುತ್ತೆ ಕಣೇ. ಹಿಂದಿನ ಕತ್ತು ಎರಡಿಂಚು ಮೇಲೆ ತಗೋತೀನಿ, ಮುಚ್ಚಿಹೋಗುತ್ತೆ." ಚೀಟಿಯಲ್ಲಿ ಹಾಗೇ ಬರೆದುಕೊಂಡಳು. ಮಾತು ಅಲ್ಲಿಗೆ ಮುಗಿಯಿತು.

ಏಳು ತಿಂಗಳಾದ ಮೇಲೆ ಉಡುಪು ತೊಡಿಸಿ ನೋಡುವ ದಿನ ಬಂತು. ಮಗಳು ಅದನ್ನು ಕಳಚಿ ಕೊಟ್ಟಾಗ ಒಳಗಿನ ಬಿಳಿ ಅಸ್ತರಿನ ಮೇಲೆ ಕೆಂಪು ಕಲೆ.

"ಅಯ್ಯೋ, ಪಿನ್ನು ಚುಚ್ಚಿದೆನಾ?"

"ಇಲ್ಲಮ್ಮ. ಆ ಮಚ್ಚೆ ಆಗಾಗ ಒಸರುತ್ತೆ. ಟವೆಲ್ಲಿಗೂ ಹತ್ತಿರುತ್ತೆ."

ತಾಯಿ ಕನ್ನಡಕ ಹಾಕಿಕೊಂಡು ನೋಡಿದಳು. ಬಟಾಣಿಯಷ್ಟಿದ್ದದ್ದು ಅಂಗಿಯ ಗುಂಡಿಯಷ್ಟಾಗಿತ್ತು, ಮಧ್ಯದಲ್ಲಿ ಉಬ್ಬಿ ಒಡೆದಿತ್ತು. ಮರುದಿನವೇ ಮಗಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಮಚ್ಚೆಯನ್ನು ಕತ್ತರಿಸಿ ಪರೀಕ್ಷೆಗೆ ಕಳಿಸಿದರು. ಆಮೇಲೆ ಸ್ಕ್ಯಾನ್. ಚರ್ಮದ ಕ್ಯಾನ್ಸರ್, ಕಂಕುಳಿನ ಗಂಟುಗಳನ್ನು ದಾಟಿ ಶ್ವಾಸಕೋಶ, ಪಿತ್ತಜನಕಾಂಗದವರೆಗೂ ಹೋಗಿತ್ತು. "ಇಪ್ಪತ್ತಾರಕ್ಕೆಲ್ಲಾ ಬರುತ್ತಾ ಡಾಕ್ಟ್ರೇ?" ಎಂದು ತಾಯಿ ಕೇಳಿದಳು. ಬರುತ್ತದೆ ಎಂದರು ಡಾಕ್ಟರಮ್ಮ, ತಗ್ಗಿದ ದನಿಯಲ್ಲಿ. ತಿಳಿ ಮೈಬಣ್ಣ, ಮೈತುಂಬ ಚುಕ್ಕೆ, ಚಿಕ್ಕಂದಿನಿಂದ ಬಿಸಿಲಿಗೆ ಸುಟ್ಟ ಚರ್ಮ, ಇಂಥವರು ಮಚ್ಚೆಯ ಆಕಾರ, ಬಣ್ಣ ಬದಲಾದ ಕೂಡಲೇ ತೋರಿಸಬೇಕು. "ಬೆನ್ನು ತಮಗೆ ತಾವೇ ನೋಡಿಕೊಳ್ಳೋಕಾಗಲ್ಲ. ಮೊದಲು ಯಾರ ಕಣ್ಣಿಗೂ ಬಿದ್ದಿರಲಿಲ್ವಾ?"

ತಾಯಿ ಸ್ಕ್ಯಾನಿನ ಕವರು ಎತ್ತಿಕೊಂಡು ಎದ್ದಳು.

ಮನೆಗೆ ಬಂದ ಮೇಲೆ ಅವಳು ಚೀಟಿಗಳ ಕಟ್ಟು ಬಿಚ್ಚಿ ಆ ಅಳತೆಯ ಚೀಟಿಯನ್ನು ಮಗಳ ಮುಂದಿಟ್ಟಳು. "ನಾನು ನೋಡಿದ್ದೆ ಚುಕ್ಕಿ. ನೋಡಿಯೂ ಬಟ್ಟೆಯಿಂದ ಮುಚ್ಚಿಬಿಟ್ಟೆ."

ಮಗಳು ಅದನ್ನು ಓದಿ ಎದ್ದುಹೋದಳು. ಎರಡು ದಿನ ತಾಯಿಯ ಜೊತೆ ಮಾತಾಡಲಿಲ್ಲ. ಮೂರನೆಯ ದಿನ ಅಡುಗೆಮನೆಗೆ ಬಂದು, "ಅಮ್ಮಾ, ನಂಗೆ ಸಿಟ್ಟಿದೆ. ಸುಮ್ಮನೆ ಇಲ್ಲ ಅಂತ ಹೇಳಲ್ಲ," ಎಂದಳು. "ಆದರೆ ನಿನ್ನ ಮೇಲೆ ಸಿಟ್ಟು ಮಾಡ್ಕೊಂಡು ಕೂರೋಷ್ಟು ಟೈಮಿಲ್ಲ. ಆ ಉಡುಪಿನ ಹಿಂದಿನ ಕತ್ತು ಇಳಿಸಿಕೊಡು."

ತಾಯಿ ಕತ್ತು ಇಳಿಸಿದಳು. ಮದುವೆ ಹೊತ್ತಿಗೆ ಪಕ್ಕದ ಹೊಲಿಗೆಯನ್ನು ಮೂರು ಸಲ ಬಿಚ್ಚಿ ಒಳಗೆ ಹಿಡಿಯಬೇಕಾಯಿತು, ಹುಡುಗಿ ಅಷ್ಟು ಇಳಿದುಹೋಗಿದ್ದಳು. ಬೆನ್ನಿನ ಗಾಯದ ಗೆರೆ ಎಲ್ಲರಿಗೂ ಕಾಣುತ್ತಿತ್ತು. ಬಂದವರ ಕಣ್ಣು ಅಲ್ಲಿಗೆ ಹೋಗಿ ಸರಕ್ಕನೆ ಹಿಂದೆ ಬರುತ್ತಿತ್ತು. ಚುಕ್ಕಿ ತನ್ನ ಈಜುಕೊಳದ ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು, "ನೋಡ್ರೋ, ಹೀಗಾಗಬಾರದು ಅಂದ್ರೆ ಬಿಸಿಲಲ್ಲಿ ತುಂಬುತೋಳಿನ ಅಂಗಿ ಹಾಕಿ," ಎಂದು ಗದರಿಸಿದಳು.

ಔಷಧಿ ಒಂದಷ್ಟು ದಿನ ಹಿಡಿದಂತೆ ಕಂಡಿತು, ಆಮೇಲೆ ಕೈಬಿಟ್ಟಿತು. ಮದುವೆಯಾದ ಐದನೇ ತಿಂಗಳು, ಒಂದು ಮಧ್ಯಾಹ್ನ, ಗಂಡ ನೀರು ಕುಡಿಸುತ್ತಿದ್ದಾಗಲೇ ಚುಕ್ಕಿ ಹೋಗಿಬಿಟ್ಟಳು.

ಅಳಿಯ ಬರುವುದನ್ನು ನಿಲ್ಲಿಸಲಿಲ್ಲ. ರಜೆಯ ದಿನ ಬಂದು ಊಟ ಮಾಡುತ್ತಾನೆ, ಯಂತ್ರಕ್ಕೆ ಎಣ್ಣೆ ಬಿಡುತ್ತಾನೆ, ಹೋಗುತ್ತಾನೆ. ಇಬ್ಬರೂ ಅವಳ ಮಾತು ಎತ್ತುತ್ತಿರಲಿಲ್ಲ. ಒಂದು ಸಲ ಊಟದ ತಟ್ಟೆ ತೊಳೆದಿಟ್ಟು, ಬೆನ್ನು ತಿರುಗಿಸಿ ನಿಂತೇ ಹೇಳಿದ: "ಅತ್ತೆ, ಆ ಮಚ್ಚೆ ನಾನೂ ನೋಡಿದ್ದೆ. ನಿಮಗಿಂತ ಮೊದಲೇ. ಚೆನ್ನಾಗಿದೆ ಅಂದಿದ್ದೆ."

ಅವಳು ಹತ್ತಿರ ಹೋಗಿ ಅವನ ತೋಳು ಹಿಡಿದುಕೊಂಡಳು. ಇಷ್ಟು ದಿನ ತನ್ನೊಬ್ಬಳದೇ ಎಂದುಕೊಂಡಿದ್ದ ಭಾರವನ್ನು ಇವನೂ ಹೊತ್ತು ತಿರುಗುತ್ತಿದ್ದ. ಅವನು ಚಿಕ್ಕ ಮಗುವಿನಂತೆ ಬಿಕ್ಕಿ ಬಿಕ್ಕಿ ಅತ್ತ. ಅತ್ತು ಮುಗಿದ ಮೇಲೆ ಮುಖ ಒರೆಸಿಕೊಂಡು, ಸಂಕೋಚದಿಂದ ಕೇಳಿದ:

"ನನ್ನ ಬೆನ್ನು ಒಂಚೂರು ನೋಡ್ತೀರಾ? ನೋಡೋರು ಯಾರೂ ಇಲ್ಲ."

ಅವಳು ಕಿಟಕಿಯ ಹತ್ತಿರ ಸ್ಟೂಲ್ ಹಾಕಿ ಕೂರಿಸಿದಳು. ಕತ್ತಿನಿಂದ ಸೊಂಟದವರೆಗೆ ಒಂದೊಂದೇ ಗೇಣು ನೋಡುತ್ತಾ ಬಂದಳು. ಸೊಂಟದ ಮೇಲೆ ಒಂದು ಪುಟ್ಟ ಕಪ್ಪು ಮಚ್ಚೆಯಿತ್ತು.

"ಹುಟ್ಟಿದಾಗಿಂದ ಇದೆ ಅತ್ತೆ, ಅಮ್ಮ ಹೇಳ್ತಿದ್ದಳು."

"ಇರಲಪ್ಪ. ಆದರೂ ನಾಳೆ ಹೋಗಿ ತೋರಿಸು."

ಮರುದಿನ ಮಧ್ಯಾಹ್ನ ಬಸ್ ಡಿಪೋದಿಂದ ಅಳಿಯನ ಫೋನ್ ಬಂತು. ಏನೂ ಇಲ್ಲವಂತೆ, ಬರೀ ಮಚ್ಚೆಯಂತೆ. ಅವಳು ಯಂತ್ರದ ಮೇಲೆ ಕೈಯೂರಿಕೊಂಡು ಕೂತಳು. ಆ ಕಡೆಯಿಂದ "ಅತ್ತೆ? ಅತ್ತೆ?" ಎನ್ನುತ್ತಿದ್ದ.

"ಇದ್ದೀನಪ್ಪ," ಎಂದಳು. "ಆರು ತಿಂಗಳು ಬಿಟ್ಟು ಮತ್ತೆ ನೋಡೋಣ."