ಎರಡನೇ ಪಟ್ಟಿ

"ಕತ್ತರಿ ಕೊಡಿ ಯಾರಾದ್ರೂ," ಎಂದ ಪ್ರಸನ್ನ, ಸೋದರಮಾವ ದೇವದಾಸರ ಪಂಚೆಯಡಿ ತಡಕುತ್ತ. ಶವದ ಮೈ ತೊಳೆದಾಗಿತ್ತು. ಇನ್ನು ಉಡದಾರ ಕತ್ತರಿಸಬೇಕು. ಅದಕ್ಕೆ ಬೆಂಕಿಪೊಟ್ಟಣದಷ್ಟು ಗಾತ್ರದ ಬಿಳಿ ಯಂತ್ರವೊಂದು ಸಿಕ್ಕಿಸಿತ್ತು.

"ಏನಿದು?"

"ಹೆಜ್ಜೆ ಎಣಿಸೋದು ಸಾರ್. ನಮ್ಮ ಯೂನಿವರ್ಸಿಟಿದು," ಎಂದಳು ಬಾಗಿಲಲ್ಲಿ ನಿಂತಿದ್ದ ಧೃತಿ. "ವಯಸ್ಸಾದವರು ಬೀಳೋದನ್ನ ತಪ್ಪಿಸೋದು ಹೇಗೆ ಅಂತ ರಿಸರ್ಚು. ವಾರವಾರ ಫೋನ್ ಮಾಡಿ ಕೇಳ್ತಿದ್ದೆ."

"ಚೆನ್ನಾಗೇ ತಪ್ಪಿಸಿದ್ರಿ ಬಿಡಿ. ನಿನ್ನೆ ರಾತ್ರಿ ಬಚ್ಚಲಲ್ಲಿ ಬಿದ್ದೇ ಹೋಗಿದ್ದು."

ಆ ಬುಧವಾರ ಬೆಳಿಗ್ಗೆ ಹತ್ತಕ್ಕೆ ಎಂದಿನಂತೆ ಅವಳು ಕರೆ ಮಾಡಿದಾಗ ಫೋನ್ ಎತ್ತಿದ್ದು ಮನೆಯೊಡತಿ ಮುನಿಯಕ್ಕ. ಧೃತಿ ವಸಂತಪುರದ ಈ ಒಂಟಿ ಕೋಣೆಗೆ ಬಂದದ್ದು ಇದೇ ಮೊದಲು.

"ಇದು ಮೂರನೇ ಸಲ ಕಣಮ್ಮ ಬಿದ್ದಿದ್ದು," ಎಂದಳು ಮುನಿಯಕ್ಕ.

"ಮೂರಾ? ನನಗೆ ಒಂದೂ ಹೇಳಿಲ್ಲ ಆಂಟಿ."

"ಹೇಳೀಪ್ಪ ಆ ಹುಡುಗಿಗೆ ಅಂತ ಬೈದೆ. ಬಿದ್ದೋರನ್ನ ಲಿಸ್ಟಿಂದ ತೆಗೀತಾರಂತೆ, ಆಮೇಲೆ ಫೋನ್ ಬರಲ್ಲ ಅಂದ್ರು. ಬುಧವಾರ ಎಂಟಕ್ಕೇ ಸ್ನಾನ ಮಾಡಿ, ಇಸ್ತ್ರಿ ಶರ್ಟ್ ಹಾಕ್ಕೊಂಡು ಕೂರೋರು. ಫೋನಲ್ಲಿ ಯಾರು ನೋಡ್ತಾರೆ ನಿಮ್ಮ ಶರ್ಟು ಅಂತ ನಗ್ತಿದ್ದೆ."

* * *

ಒಂಬತ್ತು ತಿಂಗಳ ಹಿಂದೆ, ಮೊದಲ ಕರೆ. ಹನ್ನೊಂದು ಪ್ರಶ್ನೆ, ಎಂಟು ನಿಮಿಷ; ಅದರಾಚೆ ಮಾತು ಬೆಳೆಸಬಾರದೆಂದು ಪ್ರೊಫೆಸರ್ ಹೇಳಿದ್ದರು. ದೇವದಾಸರು ಪ್ರೆಸ್ಸಿನಲ್ಲಿ ಪುಸ್ತಕ ಹೊಲಿಯುತ್ತಿದ್ದ ಕತೆ ತೆಗೆದರು.

"ಸಾರ್, ಅದು ಬೇಡ. ಈ ವಾರ ಬಿದ್ರಾ?"

"ಇಲ್ಲ. ಬಿದ್ರೆ ಏನ್ಮಾಡ್ತೀರಮ್ಮ?"

"ಈ ಲಿಸ್ಟಿಂದ ತೆಗೀತೀವಿ ಸಾರ್."

ಅವಳ ವಾಕ್ಯ ಇನ್ನೂ ಬಾಕಿ ಇತ್ತು. ಬಿದ್ದವರ ಹೆಸರು ಎರಡನೇ ಪಟ್ಟಿಗೆ ಹೋಗುತ್ತಿತ್ತು. ಆ ಪಟ್ಟಿಯವರ ಮನೆಗೆ ಧೃತಿ ವಾರಕ್ಕೊಮ್ಮೆ ಹೋಗಬೇಕು. ಬಚ್ಚಲಿಗೆ ಹಿಡಿಕೆ ಹಾಕಿಸಬೇಕು. ಒಂದು ಗಂಟೆ ಜೊತೆಗಿದ್ದು ವ್ಯಾಯಾಮ ಮಾಡಿಸಬೇಕು. ಆದರೆ ಎಂಟನೇ ನಿಮಿಷ ಮುಗಿಯುತ್ತಿತ್ತು. ಅವಳು ಮುಂದಿನ ಪ್ರಶ್ನೆಗೆ ಹೋದಳು.

ಆಮೇಲೆ ಪ್ರತಿ ಬುಧವಾರ ಅದೇ ಉತ್ತರ: "ಇಲ್ಲಮ್ಮ, ಗಟ್ಟಿಯಾಗಿದೀನಿ." ಅವಳು 'ಇಲ್ಲ' ಎಂದು ಬರೆದುಕೊಳ್ಳುತ್ತಿದ್ದಳು.

* * *

ದಾರ ಕತ್ತರಿಸಿ ಪ್ರಸನ್ನ ಯಂತ್ರವನ್ನು ಅವಳ ಅಂಗೈಗೆ ಹಾಕಿದ. ಹಿಂದೆ ದೇವದಾಸರ ಹೆಸರಿನ ಚೀಟಿ. ಮುಂದೆ ಆ ದಿನದ ಲೆಕ್ಕ: ಸೊನ್ನೆ.

"ಹೌದೇನಮ್ಮ, ನಿಜವಾಗ್ಲೂ ತೆಗೀತಿದ್ರಾ?" ಮುನಿಯಕ್ಕ ಕೇಳಿದಳು.

ಹೌದು ಎಂದುಬಿಟ್ಟರೆ ಅಲ್ಲಿಗೆ ಮುಗಿಯುತ್ತಿತ್ತು. ಧೃತಿ ಗೋಡೆಯ ಕಡೆ ನೋಡಿದಳು. ಮೊಳೆಯಲ್ಲಿ ಇಸ್ತ್ರಿ ಮಾಡಿದ ನೀಲಿ ಶರ್ಟು ತೂಗುತ್ತಿತ್ತು.

"ತೆಗೆದು, ನಾನೇ ಇಲ್ಲಿಗೆ ಬರ್ತಿದ್ದೆ ಆಂಟಿ. ವಾರವಾರ. ಅದನ್ನ ಹೇಳಲೇ ಇಲ್ಲ ನಾನು."

ಮುನಿಯಕ್ಕ ಕೋಣೆಯಲ್ಲಿದ್ದ ಒಂದೇ ಕುರ್ಚಿಯನ್ನು ದಾರಿಯಿಂದ ಪಕ್ಕಕ್ಕೆ ಸರಿಸಿದಳು.

ಗಲ್ಲಿ ಇಕ್ಕಟ್ಟು, ವ್ಯಾನು ಒಳಗೆ ಬರುವಂತಿರಲಿಲ್ಲ. ಪ್ರಸನ್ನ ಸೇರಿ ನಾಲ್ವರು ಚಟ್ಟ ಹೊತ್ತು ಮುಖ್ಯರಸ್ತೆಗೆ ನಡೆದರು. ಮುನಿಯಕ್ಕ ಬಾಗಿಲಲ್ಲೇ ಉಳಿದಳು; ಹಿಂದೆ ಬರಲು ಬೇರೆ ಯಾರೂ ಇರಲಿಲ್ಲ. ಧೃತಿ ಚಪ್ಪಲಿ ಮೆಟ್ಟದೆ ಹೊರಟಳು, ಯಂತ್ರವನ್ನು ಮುಷ್ಟಿಯಲ್ಲಿ ಹಿಡಿದು. ಹಾಲಿನ ಅಂಗಡಿ ದಾಟುವಾಗ ನೋಡಿದರೆ ನಲವತ್ತೊಂದು. ವ್ಯಾನಿನ ಬಾಗಿಲು ಹಾಕುವಾಗ ಇನ್ನೂರ ಹದಿನಾರು.

ವ್ಯಾನು ಬನಶಂಕರಿಯ ಕಡೆ ತಿರುಗಿ ಮರೆಯಾಯಿತು. ಅವಳು ಅದೇ ದಿಕ್ಕಿಗೆ ನಡೆಯುತ್ತಲೇ ಇದ್ದಳು. ಮುಷ್ಟಿಯೊಳಗೆ ದೇವದಾಸರ ಹೆಸರಿನಲ್ಲಿ ಹೆಜ್ಜೆಗಳು ಏರುತ್ತಿದ್ದವು.