ಕೇಬಲ್ಲಿನ ಕೊನೆಯ ಮುಚ್ಚಳ

ಎಂಬತ್ತಾರು, ಆಗಲೂ ಎಂಬತ್ತಾರೇ ಇತ್ತಲ್ಲ, ಜಿಲೇಬಿಯ ಪಾಕ ಬೆರಳಿಗೆ ಅಂಟಿದ್ದನ್ನು ಒರೆಸಿಕೊಳ್ಳುವಾಗಲೂ ಎಂಬತ್ತಾರು, ಈಗಲೂ ಎಂಬತ್ತಾರು, ಕುದಿಯುವ ಪಾತ್ರೆಯ ಬಿಸಿ ಇಷ್ಟು ಹೊತ್ತು ಒಂದೇ ಕಡೆ ಕೂತಿರುತ್ತದೆಯೇ, ಒಲೆಯ ಮೇಲಿಟ್ಟ ಹಾಲೂ ಹಾಗೆ ಕೂರುವುದಿಲ್ಲ — ಮೇದಿನಿ ಒಂದು ಕೀಲಿ ಒತ್ತಿದಳು, ಪರದೆ ಅಲುಗಲಿಲ್ಲ, ಇನ್ನೊಂದು ಒತ್ತಿದಳು, ಇಲ್ಲ, ಹಾಗಾದರೆ ಇದು ಈಗಿನ ಬಿಸಿಯಲ್ಲ, ಯಾವಾಗಲೋ ಇದ್ದ ಬಿಸಿ, ಸತ್ತುಹೋದ ಅಂಕಿ, ಥೂ, ವಿಜಯದಶಮಿಯ ದಿನ ಎಂಥ ಮಾತು. ಕಿಟಕಿಯಾಚೆ ಅಂಗಳ, ಅಂಗಳದಾಚೆ ಶೆಡ್ಡು, ಶೆಡ್ಡಿಗೆ ಕಬ್ಬಿಣದ ಬಾಗಿಲು, ಬಾಗಿಲಿಗೆ ಮೊಳಕೈಯಂತೆ ಚಾಚಿಕೊಂಡ ಹಿಡಿ. ಕಳೆದ ವರ್ಷ ಹೊಗೆ ತುಂಬಿ ಇಬ್ಬರು ಆ ಬಾಗಿಲ ಹಿಂದೆಯೇ ಬಿದ್ದಿದ್ದರು, ಅವತ್ತಿನಿಂದ ಬಣ್ಣ ಕುದಿಯುವ ಹೊತ್ತಿನಲ್ಲಿ ಒಳಗೆ ಯಾರೂ ಇರಕೂಡದು, ಒಳಗಿನ ಕಂಪ್ಯೂಟರಿನ ಪರದೆಯನ್ನು ಈ ಮೇಜಿನಿಂದಲೇ ನೋಡುವುದು, ಬಿಸಿ ಏರಿದರೆ ತಣ್ಣೀರಿನ ವಾಲ್ವನ್ನು ಇಲ್ಲಿಂದಲೇ ತೆರೆಯುವುದು, ಇಲ್ಲಿ ಕೀಲಿ ಒತ್ತಿದರೆ ಅಲ್ಲಿ ನೀರು — ಮಗಳು ವರ್ಷಿಣಿ ಒಮ್ಮೆ ಬಂದು ನೋಡಿ ಬಾಯಿ ಬಿಟ್ಟಿದ್ದಳು, ಅಮ್ಮಾ, ಜಾದೂ ಹೈ ಕ್ಯಾ, ಜಾದೂ ಅಲ್ಲ ಕಂದಾ, ಒಂದು ಕೇಬಲ್ಲು ಅಷ್ಟೇ, ಅಷ್ಟೇ ಅಂದಿದ್ದಳಲ್ಲ, ಈಗ ಆ ಅಷ್ಟೇ ಎನ್ನುವುದೇ ಇಲ್ಲ.

ಶು ಥಯು, ಮೇದಿನಿಬೆನ್, ಏನಾಯ್ತು, ಮ್ಯಾನೇಜರ್ ದಿನೇಶ್‌ಭಾಯಿ ಕೈಯಲ್ಲಿ ಇನ್ನೂ ಹಬ್ಬದ ತಿಂಡಿ, ಅರ್ಧ ಫಾಫಡಾ ಹಿಡಿದುಕೊಂಡೇ ಬಂದು ನಿಂತರು, ಲೈನ್ ಹೋಗಿದೆ ಭಾಯಿ, ಶೆಡ್ಡು ಕಾಣ್ತಿಲ್ಲ, ಅಷ್ಟು ಹೇಳುವುದರೊಳಗೆ ಅವಳ ಗಂಡ ಎದ್ದಿದ್ದ, ಇವತ್ತಿನ ಪಾಳಿಯ ಕೆಮಿಸ್ಟು ಅವನೇ, ಗಿರಿಧರ, ಗೂಟದಿಂದ ಮಾಸ್ಕು ಇಳಿಸಿಕೊಳ್ಳುತ್ತಿದ್ದ, ರೀ, ಬೇಡ ರೀ, ಸ್ವಲ್ಪ ತಾಳಿ, ನಾನು ನೋಡ್ತಿದ್ದೀನಲ್ಲ, ನಾನು ತಾಳ್ತೀನಿ ಕಣೇ, ಅದು ತಾಳಲ್ವಲ್ಲ, ನೂರು ದಾಟಿದ್ರೆ ಮುಚ್ಚಳಾನೇ ಎಗರುತ್ತೆ. ಕೈಯಿಂದ ತೆರೆಯುವ ವಾಲ್ವೂ ಒಂದಿದೆ, ಆದರೆ ಅದು ಬಿಟ್ಟರೆ ಮುಚ್ಚಿಕೊಳ್ಳುವಂಥದ್ದು, ಹಿಡಿದೇ ನಿಂತಿರಬೇಕು, ಎಷ್ಟು ಹೊತ್ತು, ಮಾಸ್ಕಿನ ಗಾಳಿ ಸೋಸುವ ಡಬ್ಬಿ ಎಷ್ಟು ಹೊತ್ತು ತಡೆದೀತು, ಇನ್ನೊಂದು ಮಾಸ್ಕು ಎಲ್ಲಿ, ಅದು ಶೆಡ್ಡಿನ ಒಳಗೇ ತೂಗುತ್ತಿದೆ ಬೆನ್, ಒಳಗೇ, ಎಂಥ ಬುದ್ಧಿವಂತರು ನಾವು. ನೀನು ಲೈನು ಕೊಡು, ಲೈನು ಬಂದ್ರೆ ಸೈರನ್ ಹೊಡೀರಿ, ಕೈ ಬಿಟ್ಟು ಓಡಿ ಬರ್ತೀನಿ, ಹೆದರ್ಕೋಬೇಡ, ನಿನ್ನೆಯ ನಿನ್ನ ಪೂಜೆಗೆ ಕಂಪ್ಯೂಟರಿಗೂ ನೆಗಡಿ ಬಂದಿರ್ಬೇಕು ಅಂತ ನಗುತ್ತಲೇ ಮಾಸ್ಕು ಏರಿಸಿಕೊಂಡ, ನಗು ರಬ್ಬರಿನೊಳಗೆ ಮುಚ್ಚಿಹೋಯಿತು, ಅಂಗಳ ದಾಟಿದ, ಹಿಡಿ ಕೆಳಗೆ ಬಾಗಿತು, ಬಾಗಿಲು ಅವನನ್ನು ಒಳಗೆ ತೆಗೆದುಕೊಂಡಿತು, ಹಿಡಿ ಮತ್ತೆ ಮೇಲಕ್ಕೆ ಬಂದು ನೆಟ್ಟಗಾಯಿತು.

ನಿಧಾನ, ಮೇದಿನಿ, ನಿಧಾನ, ಮಗು ಅಳುವಾಗ ಏನು ಮಾಡುತ್ತೀ, ಹಸಿವೋ, ಹೊಟ್ಟೆನೋವೋ, ಇರುವೆ ಕಚ್ಚಿತೋ, ಒಂದೊಂದೇ ನೋಡುತ್ತೀ ಅಲ್ಲವೇ — ಕಪ್ಪು ಪರದೆಗೆ ಬಂದು ಮೊದಲು ತನ್ನ ಕಂಪ್ಯೂಟರನ್ನೇ ಹೆಸರು ಟೈಪು ಮಾಡಿ ಕೂಗಿದಳು, ಓಗೊಟ್ಟಿತು, ತನಗೆ ತಾನು ಓಗೊಡುವುದು ಯಾವ ದೊಡ್ಡ ವಿಷಯ, ಡಿಸ್ಪ್ಯಾಚಿನದನ್ನು ಕೂಗಿದಳು, ಇಲ್ಲ, ಸ್ಟೋರಿನದು, ಇಲ್ಲ, ಶೆಡ್ಡಿನದು, ಇಲ್ಲ, ಒಂದೇ ದಾರದಲ್ಲಿ ಕಟ್ಟಿದ ಹೂವು ಇವೆಲ್ಲ, ಅವಳ ಮೇಜಿನಿಂದ ಡಿಸ್ಪ್ಯಾಚಿಗೆ, ಅಲ್ಲಿಂದ ಸ್ಟೋರಿಗೆ, ಅಲ್ಲಿಂದ ಅಂಗಳದ ಕೊಳವೆಯಲ್ಲಿ ಶೆಡ್ಡಿಗೆ, ಎಲ್ಲಿ ಒಂದು ಕಡೆ ಕೆಟ್ಟರೂ ಇಡೀ ಮಾಲೆ ಸತ್ತಂತೆ. ಅಂಗಳದಲ್ಲೇ ಇರಬೇಕು, ಕೊಳವೆಯೊಳಗೆ ಇಲಿ, ಅಥವಾ ಶೆಡ್ಡಿನ ಆವಿಗೆ ಕಿಲುಬು ಹಿಡಿದಿರಬೇಕು, ದೂರದಲ್ಲೇ ಎಲ್ಲೋ, ಇಲ್ಲಿ ಏನಾಗುತ್ತದೆ, ಇಲ್ಲಿ ನಿನ್ನೆ ಕಣ್ಣಿಗೊತ್ತಿಕೊಳ್ಳುವ ಹಾಗೆ ಒರೆಸಿಟ್ಟಿದ್ದಾಳೆ. ಡ್ರಾಯರಿನಿಂದ ಬಿಡಿ ಮುಚ್ಚಳ ತೆಗೆದುಕೊಂಡು ಓಡಿದಳು, ಸಾಲಿನ ಎರಡೂ ಕೊನೆಗೆ ತಿರುಗಿಸಿ ಕೂರಿಸುವ ಹೆಬ್ಬೆಟ್ಟಿನಷ್ಟು ಲೋಹದ ಮುಚ್ಚಳ, ಕೊನೆಯಲ್ಲಿ ಅದಿಲ್ಲದಿದ್ದರೆ ಮಾತು ಗೋಡೆಗೆ ಬಡಿದು ವಾಪಸು ಬಂದು ತನ್ನನ್ನೇ ಕೆಡಿಸಿಕೊಳ್ಳುತ್ತದೆ ಅಂತ ಇಂಜಿನಿಯರು ಹೇಳಿಕೊಟ್ಟಿದ್ದ, ಅವನು ಇವತ್ತು ಹಬ್ಬಕ್ಕೆಂದು ವಡೋದರಾಕ್ಕೆ ಹೋಗಿ ಕೂತಿದ್ದಾನೆ. ಸ್ಟೋರಿನಲ್ಲಿ ಕೇಬಲ್ಲು ಕಳಚಿ ಶೆಡ್ಡಿನ ಕಡೆಯನ್ನು ಬಿಟ್ಟು ಆ ಮುಚ್ಚಳ ಹಾಕಿದಳು, ದಿನೇಶ್‌ಭಾಯಿ, ನನ್ನ ಮೇಜಲ್ಲಿ ನೋಡಿ, ಸ್ಟೋರು ಓಗೊಡ್ತಾ, ನಥೀ ಬೆನ್, ಇಲ್ಲ, ಏನೂ ಇಲ್ಲ. ಇಲ್ಲವೇ, ಅಂದರೆ ಕೊಳವೆಯಲ್ಲ, ಇಲಿಯಲ್ಲ, ಶೆಡ್ಡಲ್ಲ, ಸ್ಟೋರಿನಿಂದ ಆಫೀಸಿನ ಕಡೆಗೇ. ಸ್ಟೋರಿನ ಕಿಟಕಿಯಿಂದ ಬಾಗಿಲು ಇನ್ನೂ ಹತ್ತಿರ, ಹಿಡಿಯ ಮೇಲೆ ಕೂತ ಧೂಳೂ ಕಾಣುತ್ತದೆ, ಅಲುಗುವುದಿಲ್ಲ, ಅಲುಗಬಾರದು, ಅವನು ನೀರು ಹಿಡಿದು ನಿಂತಿದ್ದಾನೆ, ಬೆಳಿಗ್ಗೆ ವರ್ಷಿಣಿ ಕೇಳಿದ್ದಳು, ಅಮ್ಮಾ, ಪಪ್ಪಾ ರಾವಣನ್ನ ಸುಡೋದು ನೋಡಕ್ಕೆ ಶಾಮ್ ಕೋ ಬರ್ತಾನಲ್ಲ, ಬರ್ತಾರೆ ಅನ್ಬೇಕು ಪುಟ್ಟಾ, ಹಾಂ ವಹೀ, ಬರ್ತಾನಾ — ಕಳಚಿದ್ದನ್ನು ಸೇರಿಸಿ ಡಿಸ್ಪ್ಯಾಚಿಗೆ ಓಡಿದಳು, ಅಲ್ಲಿ ಕಳಚಿದಳು, ಅಲ್ಲಿ ಮುಚ್ಚಳ ಹಾಕಿದಳು, ಈಗ, ಭಾಯಿ, ಈಗ, ನಥೀ, ಬೆನ್.

ಹಾಗಾದರೆ ಉಳಿದದ್ದು ಒಂದೇ, ತನ್ನ ಮೇಜು, ತನ್ನ ಮೇಜಿನ ಕೆಳಗೆ ಸಾಲಿನ ಈ ಕೊನೆಯ ಮುಚ್ಚಳ, ಇಲ್ಲ, ಅದಲ್ಲ, ಅದನ್ನು ನಿನ್ನೆಯಷ್ಟೇ ಕಳಚಿ ಒರೆಸಿ ಆಯುಧಪೂಜೆಗೆ ಸ್ಕ್ರೂಡ್ರೈವರು, ಇಕ್ಕಳ, ಟೆಸ್ಟರಿನ ಜೊತೆ ತಟ್ಟೆಯಲ್ಲಿಟ್ಟಿದ್ದಳು, ಹೂವಿನ ಎಸಳು, ಕುಂಕುಮ, ದಿನೇಶ್‌ಭಾಯಿ ನಕ್ಕಿದ್ದರು, ನಾವು ದಿವಾಳಿಗೆ ಚೋಪಡಾಕ್ಕೆ, ಲೆಕ್ಕದ ಪುಸ್ತಕಕ್ಕೆ ಪೂಜೆ ಮಾಡೋದು ಗೊತ್ತು ಬೆನ್, ನೀವು ಪಕ್ಕಡ್‌ಗೂ, ಇಕ್ಕಳಕ್ಕೂ ಮಾಡ್ತೀರಾ, ಅನ್ನ ಕೊಡೋದಕ್ಕೆಲ್ಲ ಮಾಡ್ತೀವಿ ಭಾಯಿ ಅಂದು ಒಂದೊಂದಕ್ಕೂ ಗಂಧದ ಬೊಟ್ಟಿಟ್ಟಿದ್ದಳು, ಇಕ್ಕಳಕ್ಕೆ ಇಟ್ಟಳು, ಟೆಸ್ಟರಿಗೆ ಇಟ್ಟಳು, ಬಾಯಿ ಮೇಲಾಗಿ ಕೂತಿದ್ದ ಆ ಪುಟ್ಟ ಮುಚ್ಚಳಕ್ಕೆ — ಎಲ್ಲಿ ಇಟ್ಟಳು. ಎಲ್ಲಿಟ್ಟೆ, ಮೇದಿನಿ. ಮೇಜಿನ ಕೆಳಗೆ ಮಂಡಿಯೂರಿ ಅದನ್ನು ತಿರುಗಿಸಿ ಬಿಚ್ಚಿದಳು, ಒಳಗೆ, ಸೂಜಿಯಂಥ ಕಡ್ಡಿ ಹೋಗಿ ಕೂರುವ ತೂತಿನ ತುಂಬ, ಹಳದಿಗಟ್ಟಿ ಒಣಗಿದ ಗಂಧ, ಬೆಳಿಗ್ಗೆ ಪೂಜೆಯ ತಟ್ಟೆಯಿಂದ ತೆಗೆದು ಕೂರಿಸಿದಾಗ ಒಳಗೆ ಇನ್ನೂ ಹಸಿಯಿದ್ದು ಹೇಗೋ ನಡೆದಿತ್ತು, ಒಣಗಿ ಬಿರುಕುಬಿಟ್ಟು ಮಾತನ್ನೇ ತಡೆದಿತ್ತು, ಪೂಜೆ ಮಾಡಿದ್ದನ್ನು ಅನುಮಾನಿಸುವುದು ಹೇಗೆ ಅಂತ ಊರೆಲ್ಲ ಹುಡುಕಿದಳಲ್ಲ, ಅಷ್ಟು ಹೊತ್ತೂ ಅವನು ಒಳಗೆ, ಅಳಬೇಡ, ಆಮೇಲೆ ಅಳು, ಡಿಸ್ಪ್ಯಾಚಿಗೆ ಓಡಿ ಒಳ್ಳೆಯ ಮುಚ್ಚಳ ಬಿಚ್ಚಿದಳು, ಕೇಬಲ್ಲು ಸೇರಿಸಿದಳು, ವಾಪಸು ಓಡಿದಳು, ಸೆರಗು ಕುರ್ಚಿಗೆ ಸಿಕ್ಕಿ ಪರ್‍ರೆಂದಿತು, ಹರಿಯಲಿ, ತಿರುಗಿಸಿದಳು, ಕಟ್ ಅಂತ ಕೂತಿತು.

ತೊಂಬತ್ತೇಳು. ಬಂತು, ಭಾಯಿ, ಬಂತು, ತೊಂಬತ್ತೇಳು, ಏರುತ್ತಿದೆಯೋ ಇಳಿಯುತ್ತಿದೆಯೋ, ತೊಂಬತ್ತಾರು, ಇಳಿಯುತ್ತಿದೆ, ಅಂದರೆ ಕೈ ಇದೆ, ವಾಲ್ವಿನ ಮೇಲೆ ಅವನ ಕೈ ಇದೆ, ಕೀಲಿ ಒತ್ತಿದಳು, ನೀರು ಈಗ ಇಲ್ಲಿಂದ, ದಿನೇಶ್‌ಭಾಯಿ ಸೈರನ್ ಒತ್ತಿದರು, ಕಿಟಕಿಯ ಗಾಜು ನಡುಗಿತು, ಬನ್ನಿ ರೀ, ಸಾಕು, ಬಿಟ್ಟು ಬನ್ನಿ. ತೊಂಬತ್ನಾಲ್ಕು. ಅವಳು ಏಳಹೋದಳು, ಉಠ್‌ಶೋ ನಹೀಂ ಬೆನ್, ಏಳಬೇಡಿ, ಕೀಲಿ ಬಿಡಬೇಡಿ, ನಾನು ಹೋಗ್ತೀನಿ ಅಂತ ಅವರು ಒದ್ದೆ ಟವೆಲು ಮುಖಕ್ಕೆ ಒತ್ತಿಕೊಂಡು ಅಂಗಳಕ್ಕೆ ಇಳಿದರು. ತೊಂಬತ್ತೆರಡು. ಪಾತ್ರೆಯ ಬಿಸಿ ಕಾಣುತ್ತದೆ, ನೀರು ಕಾಣುತ್ತದೆ, ಅವನ ಉಸಿರು ಎಷ್ಟಿದೆ ಅಂತ ಯಾವ ಕೇಬಲ್ಲು ಹೇಳುತ್ತದೆ, ಈಗ ಇಳಿಯುತ್ತಿರುವುದು ಅವನ ಕೈಯಿಂದಲೋ, ನನ್ನ ಕೀಲಿಯಿಂದಲೋ, ಅಂಕಿಗೆ ಗೊತ್ತಿಲ್ಲ, ಎಂಬತ್ತೊಂಬತ್ತು, ವಾಲ್ವಿನಿಂದ ಬಾಗಿಲಿಗೆ ಎಷ್ಟು ದೂರ, ನಡೆದರೆ ಎಷ್ಟು, ತೆವಳಿದರೆ ಎಷ್ಟು, ಸೈರನ್ ಕೇಳಿಸಿತೇ, ರಬ್ಬರಿನೊಳಗೆ ಕಿವಿ ಕೇಳಿಸುತ್ತದೆಯೇ, ಎಂಬತ್ತಾರು, ಬಾಗಿಲು, ಬಾಗಿಲಿಗೆ ಹಿಡಿ, ಅಡ್ಡಕ್ಕೆ, ನೆಟ್ಟಗೆ, ದಿನೇಶ್‌ಭಾಯಿ ಇನ್ನೂ ಅಂಗಳದ ನಡುವೆ ಇದ್ದಾರೆ, ಹಿಡಿಯ ಹತ್ತಿರ ಹೊರಗಿನಿಂದ ಯಾರೂ ಇಲ್ಲ, ಯಾರೂ ಮುಟ್ಟಿಲ್ಲ, ಹಿಡಿ — ಅಲುಗಿತೇ — ಹಿಡಿ, ಒಳಗಿನಿಂದ, ಮೆಲ್ಲಗೆ, ಕೆಳಗೆ ಬಾಗುತ್ತಿದೆ, ಹಿಡಿ.