ದಡದ ಮೇಲಿನ ದೋಣಿಗೂ ವಿಮೆ ಬೇಕೆ?

ಆಲಿವ್ ಕೊಯ್ಲು ಮುಗಿದ ಮರುವಾರವೇ ಕಡಲ ತೀರದ ಬೆಟಿನಾ ಎಂಬ ಊರಿನವರು ದೋಣಿಗಳನ್ನು ದಡಕ್ಕೆ ಎಳೆಸಿ, ಬಾಡಿಗೆ ಯಾರ್ಡಿನಲ್ಲಿ ಆಸರೆ ಮರಗಳ ಮೇಲೆ ಸಾಲಾಗಿ ನಿಲ್ಲಿಸುತ್ತಾರೆ. ಅಲ್ಲಿಗೆ ಗಂಡಸರ ಚಿಂತೆ ಮುಗಿಯಿತು. ಈ ಸಲ ಯೆರ್ಕಾಳಿಗೆ ಮಾತ್ರ ತಲೆ ಕೆಟ್ಟುಹೋಗಿತ್ತು. ವಿಮೆ ಕಂಪನಿಯಿಂದ ಕಾಗದ ಬಂದಿತ್ತು. ದೋಣಿಯ ವಿಮೆ ಮುಂದುವರಿಸುತ್ತೀರಾ, ನಿಲ್ಲಿಸುತ್ತೀರಾ, ಇಲ್ಲವೇ ಚಳಿಗಾಲಕ್ಕೆ ‘ದಡದ ಮೇಲೆ’ ಎಂದು ಬದಲಾಯಿಸುತ್ತೀರಾ? ಮೂರು ಸಲ ಓದಿದರೂ ಅವಳಿಗೆ ತಲೆಬುಡ ತಿಳಿಯಲಿಲ್ಲ.

ಗಂಡ ಯೊಸೊನನ್ನು ಕೇಳಿದಳು.

“ನೆಲದ ಮೇಲಿರೋ ದೋಣಿ ಎಲ್ಲಾದ್ರೂ ಮುಳುಗುತ್ತೇನೇ? ನಿಲ್ಲಿಸಿಬಿಡು. ಯಾರ್ಡಿಗೆ ಬಾಡಿಗೆ ಕೊಡ್ತಿದ್ದೀವಲ್ಲ, ಏನಾದ್ರೂ ಆದ್ರೆ ಅವರೇ ನೋಡ್ಕೋತಾರೆ,” ಎಂದ.

ಅದೂ ಸರಿ ಅನ್ನಿಸಿತು. ಸರಿಯಲ್ಲ ಅಂತಲೂ ಅನ್ನಿಸಿತು. ಎದುರಿನ ದ್ವೀಪದಲ್ಲಿ ಅವರ ಕುರಿಗಳಿವೆ, ಆಲಿವ್ ಮರಗಳಿವೆ. ಅಲ್ಲಿಗೆ ಹೋಗಲು ಇರುವುದು ಅದೊಂದೇ ದೋಣಿ, ಅದು ಹೋದರೆ ಜೀವನವೇ ಹೋದಂತೆ. ಯೆರ್ಕಾ ಉತ್ತರ ಬರೆಯದೆ ಕಾಗದವನ್ನು ಬ್ರೆಡ್ ಡಬ್ಬಿಯ ಕೆಳಗಿಟ್ಟಳು. ಹಳೆಯ ವಿಮೆಗೆ ವರ್ಷದ ಕೊನೆಯವರೆಗೆ ಹೇಗೂ ಅವಧಿಯಿತ್ತು.

ಡಿಸೆಂಬರಿನಲ್ಲಿ ಬೂರಾ ಬೀಸಿತು. ಬೆಟ್ಟದಿಂದ ಇಳಿದ ಆ ಗಾಳಿ ಮೂರು ದಿನ ಯಾರನ್ನೂ ಹೊರಗೆ ಬಿಡಲಿಲ್ಲ. ನಾಲ್ಕನೆಯ ಬೆಳಗ್ಗೆ ಯಾರ್ಡಿಗೆ ಹೋಗಿ ನೋಡಿದರೆ, ಅವರ ಹಾಗೇ ದ್ವೀಪದಲ್ಲಿ ಕುರಿ ಸಾಕಿದ್ದ ಲೋವ್ರೆಯ ದೋಣಿ, ಅವರದರ ಆಚೆಗಿದ್ದದ್ದು, ಆಸರೆ ಜಾರಿ ಬಿದ್ದು ಹೊಟ್ಟೆ ಒಡೆದುಕೊಂಡಿತ್ತು. ಪಾಪ, ಲೋವ್ರೆ ವಿಮೆ ನಿಲ್ಲಿಸಿದ್ದ. ಯಾರ್ಡಿನವರು ಕೊಡುತ್ತಾರೆಂದು ನಂಬಿದ್ದ. ಕರಾರು ತೆಗೆದು ನೋಡಿದರೆ, ಬಾಡಿಗೆ ಜಾಗಕ್ಕೆ ಮಾತ್ರ ಎಂದು ಬರೆದಿತ್ತು. ಐವತ್ತು ದಾಟಿದ ಗಂಡಸು ಮುರಿದ ಹಲಗೆ ಹಿಡಿದು ಅಳುತ್ತ ನಿಂತಿದ್ದ.

ಯೊಸೊನ ಧೈರ್ಯ ಅಲ್ಲೇ ಇಳಿದುಹೋಯಿತು. ಈಗಲೇ ‘ದಡದ ಮೇಲೆ’ ಎಂದು ಬರೆಸಿಬಿಡೋಣ ಎಂದು ಅವಸರ ಮಾಡಿದ. ಅವನ ತಂಗಿ ದಿಂಕಾ ಯಾರ್ಡಿನ ಕಚೇರಿಯಲ್ಲೇ ಕೆಲಸ ಮಾಡುವವಳು. ಮಧ್ಯಾಹ್ನ ಕಾಫಿಗೆ ಬಂದವಳು ಇದನ್ನು ಕೇಳಿ ಕಪ್ಪು ಕೆಳಗಿಟ್ಟಳು.

“ಅಣ್ಣಾ, ಫೆಬ್ರವರೀಲಿ ಕುರಿ ಮರಿ ಹಾಕುವಾಗ ದ್ವೀಪಕ್ಕೆ ಹೇಗೆ ಹೋಗ್ತೀಯ?”

“ದೋಣೀಲಿ. ಎಲ್ಲರ ಹಾಗೇ ಎರಡು ದಿನಕ್ಕೆ ಇಳಿಸ್ತೀನಿ, ಆಮೇಲೆ ಎಳೆಸ್ತೀನಿ.”

“ಹಾಗೆ ಬರೆಸಿದ್ರೆ ಕಾಗದದಲ್ಲಿ ಏಪ್ರಿಲ್‌ವರೆಗೂ ದೋಣಿ ದಡದಲ್ಲಿದೆ ಅಂತಿರುತ್ತೆ. ಆ ಎರಡು ದಿನ ನೀರಲ್ಲಿ ಏನಾದ್ರೂ ಆದ್ರೆ, ಕಂಪನಿಯವರು ಮೊದಲು ಕೇಳೋದೇ ಅದನ್ನ.”

ಯೊಸೊ ಬೆಪ್ಪಾದ. ನಿಲ್ಲಿಸಿದರೂ ತಪ್ಪು, ಬದಲಾಯಿಸಿದರೂ ತಪ್ಪು ಅಂದರೆ ಮನುಷ್ಯ ಬದುಕುವುದು ಹೇಗೆ ಎಂದು ಗೊಣಗಿದ. ಸಾಲದ್ದಕ್ಕೆ ದಿಂಕಾ ಇನ್ನೊಂದು ಹುಳ ಬಿಟ್ಟಳು: ಎಂಜಿನ್ ಬಿಚ್ಚಿ ಮನೆಯ ನೆಲಮಾಳಿಗೆಯಲ್ಲಿ ಇಟ್ಟಿದ್ದಾರಲ್ಲ, ಅದು ದೋಣಿಯ ವಿಮೆಯಲ್ಲಿ ಸೇರಿದೆಯೋ ಇಲ್ಲವೋ? ಯೆರ್ಕಾ ಬ್ರೆಡ್ ಡಬ್ಬಿಯ ಕೆಳಗಿನ ಕಾಗದವನ್ನು ಹೊರತೆಗೆದಳು.

ಕೊನೆಗೆ ಯೆರ್ಕಾ ಮೆಲ್ಲನೆ ಕೇಳಿದಳು. “ಚಳಿಗಾಲದಲ್ಲಿ ನಾವು ಏನೇನು ಮಾಡ್ತೀವಿ ಅಂತ ಅವರಿಗೆ ಮೊದಲೇ ಹೇಳಿಬಿಟ್ರೆ?”

“ಅಷ್ಟೇ ಅತ್ತಿಗೆ. ಹೇಳಿ, ಬರೆಸ್ಕೊಳ್ಳಿ. ಬಾಯಿಮಾತು ನಂಬಬೇಡಿ.”

ಮರುದಿನ ಗಂಡ ಹೆಂಡತಿ ವಿಮೆ ಕಚೇರಿಗೆ ಹೋಗಿ ಎಲ್ಲ ಬರೆಸಿದರು. ದಡದಲ್ಲಿದ್ದಾಗ ಗಾಳಿ, ಬೆಂಕಿ, ಕಳವು. ಕುರಿ ಮರಿ ಹಾಕುವ ದಿನಗಳಲ್ಲಿ ನೀರಿನಲ್ಲಾಗುವ ಹಾನಿ. ನೆಲಮಾಳಿಗೆಯ ಎಂಜಿನ್ ಕೂಡ. ಕಂತು ಸ್ವಲ್ಪ ಹೆಚ್ಚಾಯಿತು, ಯೊಸೊ ಅಲ್ಲೇ ಎಣಿಸಿ ಕಟ್ಟಿದ.

ಫೆಬ್ರವರಿಯಲ್ಲಿ ಅವರ ದೋಣಿ ನೀರಿಗಿಳಿಯಿತು. ಜೋಳದ ಚೀಲ ಹೊತ್ತು ಲೋವ್ರೆ ಬಂದು, ತನಗೂ ಜಾಗ ಕೊಡಬಹುದಾ ಎಂದು ಕೇಳಿದ. ಯಾರ ದೋಣಿಯಾದರೂ ಹೊರಟೀತೆಂದು ಅವನು ಮೂರು ದಿನದಿಂದ ದಡದಲ್ಲೇ ಕಾದಿದ್ದ. ದ್ವೀಪ ಮುಟ್ಟಿದಾಗ ಅವನ ಎರಡು ಮರಿಗಳು ಚಳಿಗೆ ಸತ್ತುಬಿದ್ದಿದ್ದವು. ಲೋವ್ರೆ ಅವನ್ನು ಕೋಟಿನಲ್ಲಿ ಸುತ್ತಿಕೊಂಡು, “ನನ್ ದೋಣಿ ಇದ್ದಿದ್ರೆ ಸೋಮವಾರವೇ ಬಂದಿರ್ತಿದ್ದೆ ಯೊಸೊ,” ಎಂದ. ಯೊಸೊ ಜೋಳದ ಚೀಲವನ್ನು ತಾನೇ ಹೊತ್ತು ಮುಂದೆ ನಡೆದ.

ನಿಮ್ಮ ದೋಣಿಯೂ ಈಗ ದಡದಲ್ಲಿದೆಯಲ್ಲವೇ? ವಿಮೆಯ ಕಾಗದ ಅರ್ಥವಾಗದಿದ್ದರೆ ನಾಚಿಕೆ ಬೇಡ, ಅದು ಯಾರಿಗೂ ಒಂದೇ ಓದಿಗೆ ಅರ್ಥವಾಗುವುದಿಲ್ಲ. ಯಾರ್ಡಿನ ಬಾಡಿಗೆಯಲ್ಲಿ ಏನಿದೆ, ವಿಮೆಯಲ್ಲಿ ಏನಿದೆ ಎಂದು ಎರಡೂ ಕಡೆ ಕೇಳಿ. ನಡುವೆ ಒಂದೇ ದಿನ ನೀರಿಗಿಳಿಸುವುದಿದ್ದರೂ ಮೊದಲೇ ತಿಳಿಸಿ, ಬರಹದಲ್ಲಿ ಪಡೆಯಿರಿ. ಗಾಳಿ ಏಳುವ ಮುಂಚೆ, ಈ ವಾರವೇ ಹೋಗಿ ಬನ್ನಿ.